ಪೀಪಾಯಿಯ ಬೆಲ್ಲವನ್ನು ಉಣ್ಣುವವರಾರು?

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಾಗಲಿ, ಕಾಪುವಿನ ಕಡಲಂಚಿನ ತೋಟಗಳಲ್ಲಾಗಲಿ, ಮರದ ನೆರಳಿನಲ್ಲಿ ಗೋಣಿಚೀಲ ಹೊದ್ದು ನಿಂತ ಪೀಪಾಯಿಯೊಂದು ಇಂದು ಅಪರೂಪದ ನೋಟವಲ್ಲ. ಗೋಣಿಯನ್ನು ಸರಿಸಿದರೆ ಹುಳಿವಾಸನೆ ಮೂಗಿಗೆ ಬಡಿಯುತ್ತದೆ. ಮೇಲ್ಮೈಯಲ್ಲಿ ನೊರೆ ಎದ್ದಿರುತ್ತದೆ. ಇದೇ ಜೀವಾಮೃತ. ಪಾಶ್ಚಾತ್ಯ ತೋಟಗಾರರು ಮಾಗಿದ ಗೊಬ್ಬರವನ್ನು ನೀರಿನಲ್ಲಿ ನೆನೆಸಿ ತಯಾರಿಸುವ ‘ಕಾಂಪೋಸ್ಟ್ ಟೀ’ಗೆ ಇದು ಹತ್ತಿರದ ನಂಟು. ಈ ಪೀಪಾಯಿಯೊಳಗೆ ನಡೆಯುವುದೇನು? ಇದರ ನೀರು ತಗುಲಿದ ತರಕಾರಿಯನ್ನು ಹಸಿಯಾಗಿ ತಿನ್ನಬಹುದೆ? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಿಸೋಣ.

ಜೀವಾಮೃತದ ಪಾಕವು ಸರಳವಾದುದು. ೨೦೦ ಲೀಟರ್ ನೀರಿಗೆ ೧೦ ಕಿಲೋ ಹಸಿ ಸೆಗಣಿ, ೫ರಿಂದ ೧೦ ಲೀಟರ್ ಗೋಮೂತ್ರ, ೨ ಕಿಲೋ ಬೆಲ್ಲ, ೨ ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ದಿನವೂ ಕದಡುತ್ತ ಎರಡು ದಿನ ನೆರಳಿನಲ್ಲಿಟ್ಟರೆ ಒಂದು ಎಕರೆಗೆ ಸಾಕು. ೨೦೧೬ರಲ್ಲಿ ಪದ್ಮಶ್ರೀ ಪಡೆದ ಮಹಾರಾಷ್ಟ್ರದ ಸುಭಾಷ್ ಪಾಳೇಕರರ ಬೋಧನೆಯಿಂದ ಈ ಪದ್ಧತಿ ನಮ್ಮ ನಾಡಿನಲ್ಲಿ ಹರಡಿತು. ಇದರ ಹಿಂದಿನ ವಿಚಾರವಿಷ್ಟೆ: ಸೆಗಣಿಯೂ ಮಣ್ಣೂ ಸೂಕ್ಷ್ಮಜೀವಿಗಳನ್ನು ಒದಗಿಸುತ್ತವೆ, ಬೆಲ್ಲವೂ ಹಿಟ್ಟೂ ಅವುಗಳಿಗೆ ಆಹಾರವಾಗುತ್ತವೆ. ಇದು ಬರಿಯ ನಂಬಿಕೆಯಲ್ಲ. ಇದೇ ಕುಲದ ಬೀಜಾಮೃತದಲ್ಲಿ ಬೆಳೆಗೆ ನೆರವಾಗುವ ಬ್ಯಾಕ್ಟೀರಿಯಗಳಿರುವುದನ್ನು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೯ರಲ್ಲಿ ವರದಿ ಮಾಡಿದ್ದಾರೆ.

ಆದರೆ ಬೆಲ್ಲವು ಮಿತ್ರರಿಗೆ ಮಾತ್ರ ಬಡಿಸಿದ ಊಟವೆ? ಪಶುವಿನ ಕರುಳಿನಲ್ಲಿ ಈ. ಕೋಲೈ ಎಂಬ ಬ್ಯಾಕ್ಟೀರಿಯ ಸಹಜವಾಗಿಯೇ ವಾಸಿಸುತ್ತದೆ. ೧೮೮೫ರಲ್ಲಿ ಥಿಯೊಡೋರ್ ಎಷರಿಷ್ ಎಂಬ ವೈದ್ಯನು ಇದನ್ನು ಮೊದಲು ವರ್ಣಿಸಿದನು. ಇದರ ಬಹುತೇಕ ಬಗೆಗಳು ನಿರಪಾಯಕರ. ೧೯೮೨ರಲ್ಲಿ ಅಮೆರಿಕದಲ್ಲಿ ರೋಗಕಾರಕವೆಂದು ಗುರುತಿಸಲಾದ ‘ಓ೧೫೭’ ಎಂಬ ಬಗೆಯಾದರೋ ಹಾಗಲ್ಲ. ಅದನ್ನು ಹೊತ್ತ ಹಸು ಆರೋಗ್ಯವಾಗಿಯೇ ಮೇಯುತ್ತಿರುತ್ತದೆ. ಮನುಷ್ಯನಲ್ಲಿ ಅದು ರಕ್ತಭೇದಿಯನ್ನುಂಟುಮಾಡುತ್ತದೆ, ಕೆಲವು ಮಕ್ಕಳ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ರೋಗ ತಗಲಲು ನೂರಕ್ಕಿಂತಲೂ ಕಡಿಮೆ ಜೀವಿಗಳು ಸಾಕಾಗಬಹುದು. ಎಲ್ಲ ಸೆಗಣಿಯಲ್ಲಿಯೂ ಇದು ಇರುವುದೆಂದು ನಾವು ಹೇಳುತ್ತಿಲ್ಲ. ಯಾವುದರಲ್ಲಿ ಇದೆಯೆಂದು ನೋಡಿ ತಿಳಿಯಲಾಗದು ಎಂಬುದೇ ತೊಡಕು.

ಇನ್ನು ಗಣಿತವನ್ನು ನೋಡೋಣ. ಅನುಕೂಲವಾದ ಸ್ಥಿತಿಯಲ್ಲಿ ಒಂದು ಬ್ಯಾಕ್ಟೀರಿಯ ಅರ್ಧ ಗಂಟೆಗೊಮ್ಮೆ ಎರಡಾಗುವುದೆಂದು ಭಾವಿಸಿದರೆ, ಹತ್ತು ಗಂಟೆಗಳಲ್ಲಿ ಇಪ್ಪತ್ತು ಸಲ ಇಮ್ಮಡಿಯಾಗಿ ೧೦,೪೮,೫೭೬ ಆಗುತ್ತದೆ. ನಿಜವಾದ ಪೀಪಾಯಿಯಲ್ಲಿ ಇತರ ಜೀವಿಗಳ ಪೈಪೋಟಿಯೂ ಹುಳಿಯೂ ಈ ವೇಗಕ್ಕೆ ಕಡಿವಾಣ ಹಾಕುತ್ತವೆ. ಎಷ್ಟರಮಟ್ಟಿಗೆ ಎಂಬುದು ಪಾಕದಿಂದ ಪಾಕಕ್ಕೆ ಬೇರೆ. ಅಮೆರಿಕದ ಕೃಷಿ ಇಲಾಖೆಯ ಇನ್‌ಗ್ರಾಮ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಬೋಧಪ್ರದವಾಗಿವೆ. ಗೊಬ್ಬರದ ಕಷಾಯಕ್ಕೆ ಸೂಕ್ಷ್ಮಜೀವಿಗಳ ಆಹಾರವನ್ನು ಬೆರೆಸಿದಾಗ ಓ೧೫೭ ಮತ್ತು ಸಾಲ್ಮೊನೆಲ್ಲ ರೋಗಾಣುಗಳೂ ಅದರಲ್ಲಿ ಬೆಳೆದವು. ಮಿತ್ರನಿಗೆ ಬಡಿಸಿದ ಎಲೆಯಲ್ಲಿ ಶತ್ರುವೂ ಉಂಡನು!

ಕದಡಿ ಗಾಳಿಯಾಡಿಸಿದರೆ ಕೆಟ್ಟ ಜೀವಿಗಳು ಸಾಯುತ್ತವೆಂದು ಕೆಲವರ ಭಾವನೆ. ಇದು ಸರಿಯಲ್ಲ. ಈ. ಕೋಲೈ ಆಮ್ಲಜನಕವಿದ್ದರೂ ಬಾಳುತ್ತದೆ, ಇಲ್ಲದಿದ್ದರೂ ಬಾಳುತ್ತದೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಗಾಳಿ ಊದಿದ ಕಷಾಯದಲ್ಲಿಯೂ ಅದು ಬೆಳೆಯಿತು. ವಾಸನೆಯೂ ಪ್ರಮಾಣವಲ್ಲ. ಮಣಿಪಾಲದಂತಹ ಊರಿನ ಪ್ರಯೋಗಶಾಲೆಯಲ್ಲಿ ಬೆಳೆಸಿ ಪರೀಕ್ಷಿಸಬೇಕಾದುದನ್ನು ಮೂಗು ಹೇಳಲಾರದು.

ಹಾಗಾದರೆ ಗೊಬ್ಬರದ ರಾಶಿಗೂ ಪೀಪಾಯಿಗೂ ಇರುವ ಭೇದವೇನು? ಉಷ್ಣ. ಸರಿಯಾಗಿ ಕಟ್ಟಿದ ರಾಶಿಯಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿಸಿದ ಶಾಖವು ಹೊರಹೋಗಲಾರದೆ ಉಳಿದು, ಉಷ್ಣಮಾನವು ೫೫ ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಸಾಲುರಾಶಿಯನ್ನು ೧೫ ದಿನ ಈ ಉಷ್ಣಮಾನದಲ್ಲಿಟ್ಟು ಐದು ಬಾರಿ ಮಗುಚಬೇಕೆಂದು ಅಮೆರಿಕದ ಸಾವಯವ ನಿಯಮ ವಿಧಿಸುತ್ತದೆ. ಹೊರಗಿನ ತಣ್ಣನೆಯ ಪದರವೂ ಒಳಗೆ ಬಂದು ಕಾಯಬೇಕಲ್ಲವೆ? ಪೀಪಾಯಿಯಲ್ಲಿಯಾದರೋ ೨೦೦ ಲೀಟರ್ ನೀರನ್ನು ಒಂದೇ ಡಿಗ್ರಿ ಬಿಸಿಮಾಡಲು ೨೦೦ ಕಿಲೋಕ್ಯಾಲೊರಿ ಬೇಕು, ಶಾಖ ಸೋರಿಹೋಗಲು ತೆಳುವಾದ ಗೋಡೆಯಿದೆ. ಸಂದೇಹವಿದ್ದವರು ಎರಡರೊಳಗೂ ಉಷ್ಣಮಾಪಕವನ್ನಿಟ್ಟು ನೋಡಬಹುದು.

ಅಡುಗೆಯ ಬೆಂಕಿಯು ಈ ಭಯವನ್ನು ನೀಗಿಸುತ್ತದೆ. ೭೦ ಡಿಗ್ರಿಯಲ್ಲಿ ಎರಡು ನಿಮಿಷ ಬೆಂದರೆ ಈ ರೋಗಾಣುಗಳು ಉಳಿಯವು. ಕಟಪಾಡಿಯ ಬಳಿಯ ಮಟ್ಟುವಿನ ಹೆಸರುವಾಸಿ ಗುಳ್ಳವು ಹುಳಿಯಲ್ಲಿ ಕುದಿದೇ ಎಲೆಗೆ ಬರುತ್ತದೆ, ಬಸಳೆಯೂ ಅಷ್ಟೆ. ಆದರೆ ಕೋಸಂಬರಿಯ ಮುಳ್ಳುಸೌತೆ, ಚಟ್ನಿಯ ಕೊತ್ತಂಬರಿ, ನೆಲದ ಮೇಲೆಯೇ ಹಬ್ಬಿ ತಂಬುಳಿಗೆ ಹಸಿಯಾಗಿ ಅರೆಯಲ್ಪಡುವ ಒಂದೆಲಗ, ಅಂದರೆ ತುಳುವರ ತಿಮರೆ, ಇವು ಬೆಂಕಿಯನ್ನು ಕಾಣುವುದೇ ಇಲ್ಲ. ೨೦೧೧ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹರಡಿದ ಈ. ಕೋಲೈ ರೋಗಕ್ಕೆ ೫೦ಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿ ಸೆಗಣಿಯ ಕಷಾಯವನ್ನು ದೂರುವ ಕಾರಣವಿರಲಿಲ್ಲ. ಹಸಿಯ ಆಹಾರಕ್ಕೆ ಎಂತಹ ಎಚ್ಚರ ಬೇಕೆಂಬುದನ್ನು ಮಾತ್ರ ಅದು ತೋರಿಸಿತು.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಶೇಷವಿದೆ. ಮುಳ್ಳುಸೌತೆ ಇಲ್ಲಿ ಮಳೆಗಾಲದ ಬೆಳೆ. ಬಿಸಿಲಿನ ಅತಿನೇರಳೆ ಕಿರಣಗಳೂ ಒಣಹವೆಯೂ ಎಲೆಯ ಮೇಲಿನ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ. ಆಟಿಯ ಮೋಡದಡಿಯಲ್ಲಿ ಇವೆರಡೂ ದುರ್ಲಭ. ಮೇಲಾಗಿ, ರಭಸದಿಂದ ಬಿದ್ದ ಮಳೆಹನಿ ನೆಲದ ಕೆಸರನ್ನು ಕಾಯಿಗೆ ಸಿಡಿಸುತ್ತದೆ. ಹಸಿ ಗೊಬ್ಬರ ಹಾಕಿದ ಮೇಲೆ, ಮಣ್ಣು ತಗಲುವ ಬೆಳೆಯಾದರೆ ೧೨೦ ದಿನ, ಉಳಿದವಕ್ಕೆ ೯೦ ದಿನ ಕಳೆದು ಕೊಯ್ಯಬೇಕೆಂದು ಅದೇ ಸಾವಯವ ನಿಯಮ ಹೇಳುತ್ತದೆ. ಕೊತ್ತಂಬರಿಯ ಆಯುಷ್ಯವೇ ಒಂದೂವರೆ ತಿಂಗಳು! ಬೆಳೆ ನಿಂತಿರುವಾಗ ಈ ಅವಧಿಯನ್ನು ಪಾಲಿಸುವುದು ಅಸಾಧ್ಯ.

ಆದುದರಿಂದ ಪೀಪಾಯಿಯನ್ನು ಒಡೆಯಬೇಕಾಗಿಲ್ಲ. ಎಲ್ಲಿ ಸುರಿಯಬೇಕೆಂಬುದನ್ನು ಅರಿತರೆ ಸಾಕು. ತೆಂಗು, ಅಡಕೆ, ಗದ್ದೆ, ಬೇಯಿಸಿ ತಿನ್ನುವ ತರಕಾರಿ ಇವುಗಳ ಬುಡದ ಮಣ್ಣಿಗೆ ಜೀವಾಮೃತ ಸಲ್ಲಲಿ. ಹಸಿಯಾಗಿ ತಿನ್ನುವುದರ ಎಲೆಗೂ ಕಾಯಿಗೂ ಅದನ್ನು ಎರಚುವುದು ಬೇಡ. ಆ ಪಾತಿಗಳಿಗೆ ಕಾದು ಮಾಗಿದ ಗೊಬ್ಬರವೇ ಲೇಸು. ಗೊಬ್ಬರದ ಕಷಾಯ ಮಾಡುವವರು ಬೆಲ್ಲವನ್ನು ಬಿಟ್ಟು, ಕುಡಿಯಲು ಯೋಗ್ಯವಾದ ನೀರನ್ನೇ ಬಳಸಲಿ. ಸೌತೆಬಳ್ಳಿಯನ್ನು ಚಪ್ಪರಕ್ಕೇರಿಸಿದರೆ ಕೆಸರು ದೂರವಾಗುತ್ತದೆ. ಪೀಪಾಯಿ ಕದಡಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಕೊಯ್ಲಿಗಿಳಿಯಬಾರದು. ಕೊಂಡವರು ತರಕಾರಿಯನ್ನು ಹರಿಯುವ ನೀರಿನಲ್ಲಿ ತೊಳೆಯುವುದು ಒಳ್ಳೆಯದು. ಆದರೆ ಎಲೆಯ ರಂಧ್ರಗಳಲ್ಲಿ ಅಡಗಿದ ಜೀವಿಗಳೆಲ್ಲ ಅದರಿಂದ ಹೋಗಲಾರವು. ಕೋಸಂಬರಿಯ ರಕ್ಷಣೆ ಅಡುಗೆಮನೆಯ ನಲ್ಲಿಯ ಕೆಳಗಲ್ಲ, ತೋಟದ ಪಾತಿಯಲ್ಲಿಯೇ ಆರಂಭವಾಗಬೇಕು.