ಹಿಂದುಳಿದಿರುವಿಕೆಯ ಅಳತೆಗೋಲು: ಮಿಲ್ಲರ್ ಸಮಿತಿಯಿಂದ ಹಾವನೂರು ಆಯೋಗದವರೆಗೆ

ಸಮಾಜದಲ್ಲಿ ಅಸಮಾನತೆ ಇದೆಯೆಂಬುದನ್ನು ಒಪ್ಪುವುದು ಸುಲಭ. ಅದನ್ನು ಅಳೆಯುವುದು ಕಷ್ಟ. ಕಣ್ಣಿಗೆ ಕಾಣುವ ಬಡತನ, ಅನಕ್ಷರತೆ, ಅವಮಾನಗಳು ಸರ್ಕಾರದ ಆದೇಶವೊಂದರಲ್ಲಿ ಸ್ಥಾನ ಪಡೆಯಬೇಕಾದರೆ ಮೊದಲು ಅವು ಅಂಕಿಸಂಖ್ಯೆಯ ರೂಪ ತಾಳಬೇಕಾಗುತ್ತದೆ. ಯಾರು ಹಿಂದುಳಿದವರು, ಎಷ್ಟು ಹಿಂದುಳಿದವರು, ಯಾರಿಗೆ ಹೋಲಿಸಿದರೆ ಹಿಂದುಳಿದವರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕಾರ್ಯದಲ್ಲಿ ಕರ್ನಾಟಕಕ್ಕೆ ಶತಮಾನಕ್ಕೂ ಮಿಗಿಲಾದ ಅನುಭವವಿದೆ. ಈ ಅವಧಿಯಲ್ಲಿ ರಚನೆಯಾದ ಮೂರು ಪ್ರಮುಖ ಸಮಿತಿ-ಆಯೋಗಗಳು ತಮ್ಮ ಅಳತೆಗೋಲನ್ನು ಶಿಕ್ಷಣ ಕ್ಷೇತ್ರದಿಂದಲೇ ಆಯ್ದುಕೊಂಡವು. ಈ ಆಯ್ಕೆ ಆಕಸ್ಮಿಕವಲ್ಲ. ಅದು ಏನನ್ನು ಬೆಳಕಿಗೆ ತಂದಿತು, ಏನನ್ನು ಮರೆಮಾಡಿತು ಎಂಬುದು ಸಾರ್ವಜನಿಕ ನೀತಿಯ ಅಧ್ಯಯನಕ್ಕೆ ಮಹತ್ವದ ವಿಷಯವಾಗಿದೆ.

ಮೈಸೂರು ಸಂಸ್ಥಾನದಲ್ಲಿ ಎದ್ದ ಪ್ರಶ್ನೆ

ಇಪ್ಪತ್ತನೆಯ ಶತಮಾನದ ಆರಂಭದ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗೆ ಇಂಗ್ಲಿಷ್ ಶಿಕ್ಷಣವೇ ಹೆಬ್ಬಾಗಿಲಾಗಿತ್ತು. ಆ ಬಾಗಿಲನ್ನು ಮೊದಲು ದಾಟಿದ ಬ್ರಾಹ್ಮಣ ಸಮುದಾಯ, ಜನಸಂಖ್ಯೆಯಲ್ಲಿ ಅಲ್ಪವಾಗಿದ್ದರೂ ಆಡಳಿತದಲ್ಲಿ ಬಹುಪಾಲು ಸ್ಥಾನಗಳನ್ನು ಹೊಂದಿತ್ತು. 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿಯು ಈ ಅಸಮತೋಲನವನ್ನು ರಾಜಕೀಯ ಪ್ರಶ್ನೆಯಾಗಿ ಎತ್ತಿತು. ಮರುವರ್ಷ ಇತರ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮನವಿ ಸಲ್ಲಿಸಿದರು. ಅದರ ಫಲವಾಗಿ ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಶಿಕ್ಷಣದ ವಿಸ್ತರಣೆಯೇ ಈ ಸಮಸ್ಯೆಗೆ ಪರಿಹಾರ, ನೇಮಕಾತಿಯಲ್ಲಿ ಅರ್ಹತೆಯನ್ನು ಸಡಿಲಿಸಬಾರದು ಎಂಬುದು ಅಂದಿನ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿಯೇ ಅವರು ದಿವಾನಗಿರಿಯನ್ನು ತೊರೆದರು.

1919ರಲ್ಲಿ ವರದಿ ಸಲ್ಲಿಸಿದ ಮಿಲ್ಲರ್ ಸಮಿತಿಯು ಇಂಗ್ಲಿಷ್ ಅಕ್ಷರಸ್ಥರ ಪ್ರಮಾಣ ಶೇ. 5ಕ್ಕಿಂತ ಕಡಿಮೆಯಿದ್ದ ಸಮುದಾಯಗಳನ್ನು ಹಿಂದುಳಿದವೆಂದು ಪರಿಗಣಿಸಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಮೂರನೆಯ ಎರಡು ಭಾಗದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದ ಮಾತ್ರ ಅಳೆಯಲಾಗದು, ಜನರ ಬಗೆಗಿನ ಸಹಾನುಭೂತಿ, ಪ್ರಾಮಾಣಿಕತೆ, ವ್ಯವಹಾರಜ್ಞಾನಗಳೂ ಒಳ್ಳೆಯ ಅಧಿಕಾರಿಯ ಲಕ್ಷಣಗಳೇ ಎಂಬ ಸಮಿತಿಯ ಅಭಿಪ್ರಾಯವು ಆ ಕಾಲಕ್ಕೆ ದಿಟ್ಟವಾದುದಾಗಿತ್ತು. 1921ರಲ್ಲಿ ಸರ್ಕಾರ ಈ ಶಿಫಾರಸುಗಳನ್ನು ಆಧರಿಸಿ ಆದೇಶ ಹೊರಡಿಸಿತು.

ಅಂಶ ಮತ್ತು ಛೇದ

ಶಾಲೆಯೇ ಏಕೆ ಅಳತೆಗೋಲಾಯಿತು? ಶಿಕ್ಷಣದ ದಾಖಲೆಗಳು ಲಭ್ಯವಿದ್ದವು ಎಂಬುದು ಇದಕ್ಕೆ ಒಂದು ಉತ್ತರ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಲೆಕ್ಕಾಚಾರದ ಸ್ವರೂಪದಲ್ಲಿಯೇ ಅಡಗಿದೆ. ಪರೀಕ್ಷೆಯ ಫಲಿತಾಂಶ ಪಟ್ಟಿಯು ಪರೀಕ್ಷೆಗೆ ಕುಳಿತವರನ್ನು ಮಾತ್ರ ಬಲ್ಲದು. ದನ ಕಾಯಲು ಹೋದ ಹುಡುಗ, ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿಯೇ ಉಳಿದ ಹುಡುಗಿ ಆ ಪಟ್ಟಿಯಲ್ಲಿ ಅನುತ್ತೀರ್ಣರಾಗಿಯೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಉತ್ತೀರ್ಣರಾದವರ ಸಂಖ್ಯೆಯನ್ನು ಅಂಶವಾಗಿಯೂ ಸಮುದಾಯದ ಒಟ್ಟು ಜನಸಂಖ್ಯೆಯನ್ನು ಛೇದವಾಗಿಯೂ ಇರಿಸಿದೊಡನೆ, ಶಾಲೆಗೆ ಬಾರದ ಮಗುವೂ ಲೆಕ್ಕದೊಳಗೆ ಸೇರುತ್ತದೆ. ಗೈರುಹಾಜರಿಯನ್ನು ಗೋಚರಗೊಳಿಸಿದ ಈ ಛೇದವೇ ಮೈಸೂರಿನ ಪ್ರಯೋಗದ ಮೂಲಸತ್ವ. ಅರ್ಹತೆಯ ವಾದವು ಬಂದವರ ನಡುವಿನ ಸ್ಪರ್ಧೆಯನ್ನು ಕುರಿತದ್ದು; ಪ್ರಾತಿನಿಧ್ಯದ ವಾದವು ಬಾರದವರನ್ನು ಕುರಿತದ್ದು.

ನಾಗನಗೌಡ ಸಮಿತಿ ಮತ್ತು ಬಾಲಾಜಿ ಪ್ರಕರಣ

1956ರ ಏಕೀಕರಣದ ನಂತರ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಆಡಳಿತಗಳ ಭಿನ್ನ ಪಟ್ಟಿಗಳು ಒಂದೇ ರಾಜ್ಯದಲ್ಲಿ ಎದುರುಬದುರಾದವು. ಏಕರೂಪದ ಮಾನದಂಡಕ್ಕಾಗಿ 1960ರಲ್ಲಿ ಡಾ. ಆರ್. ನಾಗನಗೌಡರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಲಾಯಿತು. 1961ರ ಅಂತಿಮ ವರದಿಯಲ್ಲಿ ಸಮಿತಿಯು, ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದನ್ನು ಅಳತೆಯಾಗಿ ಬಳಸಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಆಗಿತ್ತು. ಈ ಸರಾಸರಿಯ ಅರ್ಧಕ್ಕಿಂತಲೂ ಕೆಳಗಿದ್ದ ಸಮುದಾಯಗಳನ್ನು ‘ಹೆಚ್ಚು ಹಿಂದುಳಿದ’ವೆಂದು ಪ್ರತ್ಯೇಕಿಸಲಾಯಿತು.

1962ರ ಜುಲೈ ತಿಂಗಳಿನಲ್ಲಿ ಸರ್ಕಾರವು ವೈದ್ಯಕೀಯ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗಳಿಗೆ ಶೇ. 15, ಪರಿಶಿಷ್ಟ ಪಂಗಡಗಳಿಗೆ ಶೇ. 3, ಹೀಗೆ ಒಟ್ಟು ಶೇ. 68ರಷ್ಟನ್ನು ಕಾದಿರಿಸಿತು. ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಈ ಆದೇಶವನ್ನು ರದ್ದುಪಡಿಸಿತು. ಮೀಸಲಾತಿಯು ಸಾಮಾನ್ಯವಾಗಿ ಶೇ. 50ರೊಳಗಿರಬೇಕೆಂಬ ತತ್ತ್ವ ರೂಪುಗೊಂಡದ್ದು ಈ ತೀರ್ಪಿನಿಂದಲೇ. ಇದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಅಂಶವೂ ಅದರಲ್ಲಿದೆ: ಸರಾಸರಿಗೆ ಹತ್ತಿರವಿರುವ ಸಮುದಾಯವನ್ನು ಹಿಂದುಳಿದದ್ದೆನ್ನಲಾಗದು, ಸರಾಸರಿಗಿಂತ ಸಾಕಷ್ಟು ಕೆಳಗಿರುವುದನ್ನು ಮಾತ್ರ ಹಾಗೆನ್ನಬಹುದು ಎಂದು ನ್ಯಾಯಾಲಯ ಹೇಳಿತು. ದಶಮಾಂಶ ಬಿಂದುವಿನ ಆಚೀಚೆಯ ಒಂದು ಅಂಕಿ ಸಾವಿರಾರು ಕುಟುಂಬಗಳ ಭವಿಷ್ಯವನ್ನು ನಿರ್ಧರಿಸಬಲ್ಲದು ಎಂಬ ಎಚ್ಚರ ಈ ಮಾತಿನಲ್ಲಿದೆ.

ಜಾತಿಯನ್ನು ಬಿಟ್ಟ ಪ್ರಯೋಗ

ತೀರ್ಪಿನ ಬಳಿಕ 1963ರಲ್ಲಿ ರಾಜ್ಯವು ಜಾತಿಯನ್ನು ಸಂಪೂರ್ಣವಾಗಿ ಕೈಬಿಟ್ಟು ಆದಾಯ ಹಾಗೂ ವೃತ್ತಿಗಳನ್ನು ಆಧಾರವಾಗಿಸಿಕೊಂಡಿತು. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿಗಳನ್ನು ಮೀರದ ಸ್ವಂತ ಸಾಗುವಳಿದಾರರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು, ಕೆಳದರ್ಜೆಯ ನೌಕರರು ಹಾಗೂ ದೈಹಿಕ ಶ್ರಮದ ಇತರ ವೃತ್ತಿಯವರ ಮಕ್ಕಳಿಗೆ ಶೇ. 30ರಷ್ಟು ಸ್ಥಾನಗಳು ಮೀಸಲಾದವು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು.

ದುಡಿಮೆಯನ್ನು ಅಳತೆಗೋಲಾಗಿಸಿದ ಈ ಪ್ರಯೋಗ ತಾತ್ವಿಕವಾಗಿ ಆಕರ್ಷಕವಾಗಿತ್ತು. ಆಚರಣೆಯಲ್ಲಿ ಮಾತ್ರ ಅದರ ದೌರ್ಬಲ್ಯಗಳು ಬಯಲಾದವು. ಕೃಷಿಯ ಆದಾಯಕ್ಕೆ ಖಚಿತ ದಾಖಲೆಯಿಲ್ಲ. ಆದಾಯ ಕಡಿಮೆಯಿದ್ದರೂ ತಲೆಮಾರುಗಳಿಂದ ಓದುಬರಹದ ವಾತಾವರಣವಿದ್ದ ಮನೆಯ ಮಗುವೂ, ಅಕ್ಷರವನ್ನೇ ಕಾಣದ ಮನೆಯ ಮಗುವೂ ಒಂದೇ ವರ್ಗದಲ್ಲಿ ಸ್ಪರ್ಧಿಸಬೇಕಾಯಿತು. ಬಡತನ ಮತ್ತು ಸಾಮಾಜಿಕ ಹಿಂದುಳಿದಿರುವಿಕೆ ಪರಸ್ಪರ ಸಂಬಂಧವುಳ್ಳವಾದರೂ ಒಂದೇ ಅಲ್ಲವೆಂಬುದು ಈ ಅವಧಿ ಕಲಿಸಿದ ಪಾಠ.

ಹಾವನೂರು ಆಯೋಗ

1972ರಲ್ಲಿ ಡಿ. ದೇವರಾಜ ಅರಸು ಅವರ ಸರ್ಕಾರವು ನ್ಯಾಯವಾದಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ರಾಜ್ಯದ ಮೊದಲ ಹಿಂದುಳಿದ ವರ್ಗಗಳ ಆಯೋಗವನ್ನು ರಚಿಸಿತು. ಆಯೋಗವು ಹಳ್ಳಿಗಳಲ್ಲಿಯೂ ನಗರಗಳಲ್ಲಿಯೂ ಮನೆಮನೆಯ ಸಮೀಕ್ಷೆ ನಡೆಸಿ 1975ರ ನವೆಂಬರ್‌ನಲ್ಲಿ ವರದಿ ಒಪ್ಪಿಸಿತು. ಇಲ್ಲಿಯೂ ಅಳತೆಗೋಲು ಶಾಲೆಯದೇ. 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ರಾಜ್ಯ ಸರಾಸರಿ ಸಾವಿರ ಜನಸಂಖ್ಯೆಗೆ 1.69. ಒಂದು ಲಕ್ಷ ಜನರಿರುವ ಸಮುದಾಯವೊಂದರಿಂದ 169 ಮಂದಿ ತೇರ್ಗಡೆಯಾದರೆ ಅದು ಸರಾಸರಿಯ ಮಟ್ಟದಲ್ಲಿದೆ ಎಂದರ್ಥ. 84 ಮಂದಿ ಮಾತ್ರ ತೇರ್ಗಡೆಯಾದರೆ ಅರ್ಧಕ್ಕಿಂತಲೂ ಕೆಳಗೆ ಕುಸಿದಿದೆ ಎಂದರ್ಥ. ಈ ಲೆಕ್ಕದ ಮೇಲೆ ‘ಹಿಂದುಳಿದ ಸಮುದಾಯ’ ಮತ್ತು ‘ಹಿಂದುಳಿದ ಜಾತಿ’ಗಳನ್ನು ವಿಂಗಡಿಸಿ, ಅಲೆಮಾರಿ ಜೀವನದ ಹಿನ್ನೆಲೆಯವರನ್ನು ‘ಹಿಂದುಳಿದ ಬುಡಕಟ್ಟು’ಗಳೆಂದು ಗುರುತಿಸಲಾಯಿತು. ಹಿಂದುಳಿದವರೆಲ್ಲರೂ ಒಂದೇ ಮಟ್ಟದಲ್ಲಿಲ್ಲ, ಅವರೊಳಗೂ ಬಲ್ಲಿದರು ದುರ್ಬಲರನ್ನು ಹಿಂದಕ್ಕೆ ತಳ್ಳಬಲ್ಲರು ಎಂಬ ಅರಿವು ಈ ಒಳವಿಂಗಡಣೆಯ ಹಿಂದಿದೆ.

1977ರ ಫೆಬ್ರವರಿಯಲ್ಲಿ ಸರ್ಕಾರವು ವರದಿಯನ್ನು ಮಾರ್ಪಾಡುಗಳೊಂದಿಗೆ ಜಾರಿಗೆ ತಂದಿತು. ಜಾತಿಯನ್ನು ಪರಿಗಣಿಸದೆ ಆದಾಯ ಮತ್ತು ವೃತ್ತಿಗಳನ್ನು ಆಧರಿಸಿದ ‘ವಿಶೇಷ ಗುಂಪ’ನ್ನೂ ಅದರೊಂದಿಗೆ ಸೇರಿಸಿತು. ಹೀಗೆ 1963ರ ಅಳತೆಗೋಲು ಪೂರ್ಣವಾಗಿ ಮರೆಯಾಗದೆ ಹೊಸ ವ್ಯವಸ್ಥೆಯ ಪಕ್ಕದಲ್ಲಿಯೇ ಉಳಿಯಿತು. ವಿವಾದ ಮತ್ತೆ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. 1985ರ ವಸಂತಕುಮಾರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಐದು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದದ್ದು ಈ ಪ್ರಶ್ನೆಯ ಜಟಿಲತೆಗೆ ಸಾಕ್ಷಿ. ಆ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರೇ ಮುಂದೆ ರಾಜ್ಯದ ಮೂರನೆಯ ಆಯೋಗದ ಹೊಣೆ ಹೊತ್ತು 1990ರಲ್ಲಿ ವರದಿ ನೀಡಿದರು.

ಅಳತೆಗೋಲಿನ ಮಿತಿಗಳು

ಶಾಲೆಯ ಅಳತೆಗೋಲಿಗೆ ಎರಡು ಮುಖ್ಯ ಮಿತಿಗಳಿವೆ. ಮೊದಲನೆಯದು ಛೇದವನ್ನು ಕುರಿತದ್ದು. ದೇಶದ ಎಲ್ಲ ಜಾತಿಗಳ ಸಮಗ್ರ ಎಣಿಕೆಯ ವಿವರ ಜನಗಣತಿಯಿಂದ ದೊರೆತದ್ದು 1931ರಲ್ಲಿ. ಸ್ವಾತಂತ್ರ್ಯಾನಂತರದ ಸಮಿತಿಗಳು ಬಹುಮಟ್ಟಿಗೆ ಅಂದಾಜುಗಳನ್ನೇ ಅವಲಂಬಿಸಬೇಕಾಯಿತು. ಛೇದವೇ ಅಂದಾಜಾದಾಗ ದಶಮಾಂಶದ ನಿಖರತೆ ಕೇವಲ ತೋರಿಕೆಯಾಗುತ್ತದೆ. ರಾಜ್ಯವು 2015ರಲ್ಲಿ ಹಾಗೂ 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಳನ್ನು ಕೈಗೊಂಡದ್ದರ ಹಿಂದೆ ಈ ಕೊರತೆಯೂ ಒಂದು ಕಾರಣವಾಗಿದೆ.

ಎರಡನೆಯದು ಸರಾಸರಿಯ ಸ್ವಭಾವ. ಸಮುದಾಯದ ಸರಾಸರಿಯು ಅದರೊಳಗಿನ ಗಂಡು-ಹೆಣ್ಣಿನ ಅಂತರವನ್ನಾಗಲಿ, ನೀರಾವರಿ ಜಮೀನಿನ ಒಡೆಯ ಹಾಗೂ ಕೂಲಿಕಾರರ ಅಂತರವನ್ನಾಗಲಿ ಹೇಳುವುದಿಲ್ಲ. ಅಂತೆಯೇ ಓದು ಮುಗಿಸಿದ ಯುವಕನಿಗೆ ಉದ್ಯೋಗ ದೊರೆಯಿತೇ ಎಂಬುದನ್ನೂ ಅದು ತಿಳಿಸದು. ಇಂಗ್ಲಿಷ್ ಕಲಿತವರಿಗೆ ಹುದ್ದೆ ಬಹುಮಟ್ಟಿಗೆ ಖಚಿತವಿದ್ದ ಮಿಲ್ಲರ್ ಕಾಲದಲ್ಲಿ ಶಾಲೆಯನ್ನು ಅಳೆದರೆ ಉದ್ಯೋಗವನ್ನೂ ಅಳೆದಂತಾಗುತ್ತಿತ್ತು. ಪದವೀಧರ ನಿರುದ್ಯೋಗಿಗಳಿರುವ ಕಾಲಕ್ಕೆ ಆ ಸಮೀಕರಣ ಹೊಂದುವುದಿಲ್ಲ.

ಇಷ್ಟಾದರೂ ಈ ಪರಂಪರೆಯ ಸಾಧನೆಯನ್ನು ಕಡೆಗಣಿಸುವಂತಿಲ್ಲ. 2019ರ ಸಂವಿಧಾನ ತಿದ್ದುಪಡಿಯು ಆರ್ಥಿಕವಾಗಿ ದುರ್ಬಲರಾದವರಿಗೆ ಶೇ. 10ರವರೆಗಿನ ಮೀಸಲಾತಿಗೆ ಅವಕಾಶ ನೀಡಿದಾಗ, ಆದಾಯವೋ ಸಾಮಾಜಿಕ ಸ್ಥಾನವೋ ಎಂಬ ಹಳೆಯ ಚರ್ಚೆಯೇ ರಾಷ್ಟ್ರಮಟ್ಟದಲ್ಲಿ ಮರುಹುಟ್ಟು ಪಡೆಯಿತು. ಕರ್ನಾಟಕವು ಅವೆರಡನ್ನೂ ಅರ್ಧ ಶತಮಾನಕ್ಕೂ ಮೊದಲೇ ಪರೀಕ್ಷಿಸಿ ನೋಡಿತ್ತು. ಅಳತೆಗೋಲಿನ ಆಯ್ಕೆ ಕೇವಲ ತಾಂತ್ರಿಕ ಕಾರ್ಯವಲ್ಲ, ಅದೇ ನೀತಿಯ ಮೊದಲ ನಿರ್ಧಾರ ಎಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ. ಯಾವುದೇ ಹೊಸ ಸಮೀಕ್ಷೆಯ ಸಾರ್ಥಕತೆಯನ್ನು ಅದು ಎಷ್ಟು ಪ್ರಶ್ನೆಗಳನ್ನು ಕೇಳಿತೆಂಬುದರಿಂದಲ್ಲ, ಪಟ್ಟಿಯಲ್ಲಿ ಎಂದೂ ಹೆಸರಿಲ್ಲದವರನ್ನು ಛೇದದೊಳಗೆ ತಂದಿತೇ ಎಂಬುದರಿಂದ ನಿರ್ಣಯಿಸಬೇಕಾಗುತ್ತದೆ.