ಆಯಿಲ್ ಬದಲಿಸುವಾಗ ಫಿಲ್ಟರ್ ಸೋರದಿರಲಿ

ಕೃಷ್ಣಾ ತೀರದ ಉಗಾರ ಖುರ್ದದಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರಿಗಾಗಲಿ, ಹೂಮಳೆ ತಪ್ಪಿದಾಗ ಕಾಫಿಗೆ ನೀರುಣಿಸುವ ಡೀಸೆಲ್ ಪಂಪಿಗಾಗಲಿ ಆಯಿಲ್ಲೇ ಜೀವಾಳ. ತಿರುಗಿಸಿ ಕೂರಿಸುವ ಫಿಲ್ಟರ್ ಸೋರಲು ಒಂದು ಮುಖ್ಯ ಕಾರಣ, ಹಳೆಯ ರಬ್ಬರ್ ವಾಷರ್ ಇಂಜಿನ್ನಿಗೇ ಅಂಟಿಕೊಂಡು ಉಳಿಯುವುದು. ಅದರ ಮೇಲೆಯೇ ಹೊಸದು ಕೂತರೆ ಒತ್ತಡಕ್ಕೆ ಆಯಿಲ್ ಚಿಮ್ಮಿ ಹೋಗಿ, ಬೇರಿಂಗು ಒಣಗಿ, ಇಂಜಿನ್ ಸೀಜ್ ಆದೀತು.

ಆದ್ದರಿಂದ ಬೆಳೆಗಾರ ಬಂಧುಗಳು ಫಿಲ್ಟರ್ ಕಳಚಿದೊಡನೆ ವಾಷರ್ ಜೊತೆಗೇ ಬಂದಿದೆಯೇ ಎಂದು ನೋಡಬೇಕು. ಕೂರುವ ಜಾಗವನ್ನು ಶುಭ್ರ ಬಟ್ಟೆಯಿಂದ ಒರೆಸಿ, ಹೊಸ ವಾಷರಿಗೆ ಹೊಸ ಆಯಿಲ್ ಸವರಬೇಕು. ವಾಷರ್ ತಾಗಿದ ಮೇಲೆ ಫಿಲ್ಟರ್ ಮೇಲೆ ಸೂಚಿಸಿದಷ್ಟೇ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಿಂದಲೇ ಬಿಗಿಯಬೇಕು. ಸ್ಪ್ಯಾನರ್ ಹಾಕಿ ಬಲವಾಗಿ ಬಿಗಿದರೆ ವಾಷರ್ ಹಾಳಾಗುತ್ತದೆ. ಆಯಿಲ್ ತುಂಬಿ, ಇಂಜಿನ್ 2–3 ನಿಮಿಷ ಓಡಿಸಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಿಲ್ಲಿಸಿದ ಬಳಿಕ ಮಟ್ಟ ನೋಡಿ, ಕಡಿಮೆಯಿದ್ದಷ್ಟು ಸೇರಿಸಬೇಕು.