ಅಸಿಸಿಯ ಮೂರು ಲಕ್ಷ ಚೂರುಗಳು

1997ರ ಸೆಪ್ಟೆಂಬರ್ 26ರ ನಸುಕಿಗೆ ಮುನ್ನ ಇಟಲಿಯ ಉಂಬ್ರಿಯಾ ಪ್ರಾಂತ್ಯದಲ್ಲಿ ಭೂಮಿ ನಡುಗಿತು. ಅಸಿಸಿ ಪಟ್ಟಣದ ಸಂತ ಫ್ರಾನ್ಸಿಸ್ ಚರ್ಚಿಗೆ ಎಷ್ಟು ಹಾನಿಯಾಗಿದೆಯೆಂದು ನೋಡಲು ಬೆಳಿಗ್ಗೆ ಕೆಲವರು ಒಳಗೆ ಹೋದರು. 11 ಗಂಟೆ 42 ನಿಮಿಷಕ್ಕೆ ಇನ್ನೂ ಬಲವಾದ ಎರಡನೆಯ ಕಂಪನ ಬಂತು. ಕಮಾನು ಛಾವಣಿ ಎರಡು ಕಡೆ ಕುಸಿಯಿತು. ಇಬ್ಬರು ಸನ್ಯಾಸಿಗಳೂ ಪರಿಶೀಲನೆಗೆ ಬಂದಿದ್ದ ಇಬ್ಬರೂ ಅಸುನೀಗಿದರು.

ಫ್ರಾನ್ಸಿಸ್ ತೀರಿಕೊಂಡ ಎರಡೇ ವರ್ಷಕ್ಕೆ, 1228ರಲ್ಲಿ ಕಟ್ಟಲಾರಂಭಿಸಿದ ಚರ್ಚ್ ಇದು. ಗೋಡೆಗಳ ಮೇಲೆ ಅವರ ಬದುಕಿನ 28 ಭಿತ್ತಿಚಿತ್ರಗಳಿವೆ. ಅವು ಜೊತ್ತೊನವು ಎಂಬುದು ಪರಂಪರೆಯ ನಂಬಿಕೆ. ಅವು ಬಹುಮಟ್ಟಿಗೆ ಉಳಿದವು. ಆದರೆ ಛಾವಣಿಯಲ್ಲಿ ಚಿಮಾಬುಯೆ ಬರೆದಿದ್ದ ಸಂತ ಮತ್ತಾಯನ ಚಿತ್ರ ಪುಡಿಯಾಯಿತು. ಇಂಥ ಚಿತ್ರವನ್ನು ಗಾರೆಯ ಮೇಲೆಯೇ ಬರೆದಿರುವುದರಿಂದ ಗಾರೆ ಒಡೆದರೆ ಚಿತ್ರವೂ ಒಡೆಯುತ್ತದೆ.

ಏಳು ಶತಮಾನ ನಿಂತಿದ್ದ ಛಾವಣಿ ಅಂದೇಕೆ ಬಿತ್ತು? ಎಂಜಿನಿಯರ್ ಜಾರ್ಜೊ ಕ್ರೋಚಿ ಮೊದಲಾದವರು ಕಂಡುಕೊಂಡ ಕಾರಣ ಕುತೂಹಲಕರ. ಹಿಂದಿನವರು ಮಾಡು ರಿಪೇರಿ ಮಾಡಿದಾಗಲೆಲ್ಲ ಒಡೆದ ಹೆಂಚು, ಕಲ್ಲುಮಣ್ಣನ್ನು ಕಮಾನಿನ ಬೆನ್ನ ಮೇಲೆಯೇ ಬಿಟ್ಟಿದ್ದರು. ನೆಲ ಅಲುಗಿದಾಗ ಆ ಸಡಿಲ ರಾಶಿ ಸರಿದು ಕಮಾನನ್ನು ಒತ್ತಿತು. ಕಾಪಾಡಲೆಂದು ಮಾಡಿದ ಕೆಲಸದ ಕಸವೇ ಕಟ್ಟಡಕ್ಕೆ ಕಂಟಕವಾಗಿತ್ತು!

ಆದ್ದರಿಂದ ಮೊದಲು ಆ ಹೊರೆಯನ್ನು ಇಳಿಸಿದರು. ಬಿರುಕುಗಳಿಗೆ ಚಿತ್ರಕ್ಕೆ ಹಾನಿಮಾಡದ ಗಾರೆ ತುಂಬಿದರು. ಮೇಲ್ಭಾಗದಲ್ಲಿ, ಕೆಳಗೆ ನಿಂತವರಿಗೆ ಕಾಣದಂತೆ, ಮರಕ್ಕೆ ಅರಾಮಿಡ್ ಎಂಬ ಗಟ್ಟಿ ಕೃತಕ ನಾರನ್ನು ಸುತ್ತಿದ ಪಕ್ಕೆಲುಬುಗಳನ್ನು ಕೂಡಿಸಿದರು. 1999ರ ನವೆಂಬರ್‌ನಲ್ಲಿ ಚರ್ಚ್ ಮತ್ತೆ ತೆರೆಯಿತು.

ಚಿತ್ರಗಳ ಕೆಲಸಕ್ಕೆ ಇನ್ನೂ ಹೆಚ್ಚು ತಾಳ್ಮೆ ಬೇಕಿತ್ತು. ಅವಶೇಷಗಳಿಂದ ಸ್ವಯಂಸೇವಕರೂ ತಜ್ಞರೂ ಹೆಕ್ಕಿದ ಬಣ್ಣದ ಚೂರುಗಳು ಸುಮಾರು ಮೂರು ಲಕ್ಷ. ಎಷ್ಟೋ ಚೂರುಗಳು ಉಗುರಿನಷ್ಟೇ ಇದ್ದವು. ಹಳೆಯ ಫೋಟೋಗಳನ್ನು ಚಿತ್ರದ ಅಳತೆಗೇ ಹಿಗ್ಗಿಸಿ, ಅದರ ಮೇಲೆ ಒಂದೊಂದನ್ನೇ ಹೊಂದಿಸಿ ನೋಡಿದರು. ಮತ್ತಾಯನ ಚೂರುಗಳಿಗೆ ಕಂಪ್ಯೂಟರಿನ ನೆರವನ್ನೂ ಪಡೆದರು. ಅವನು ಛಾವಣಿಗೆ ಮರಳಿದ್ದು 2006ರಲ್ಲಿ. ಅದೂ ಪೂರ್ತಿಯಾಗಿ ಅಲ್ಲ. ಚೂರು ಸಿಗದ ಕಡೆ ಖಾಲಿ ಹಾಗೆಯೇ ಉಳಿದಿದೆ.

ಫೋಟೋ ನೋಡಿ ಬರೆದು ತುಂಬಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸೀತು. ತುಂಬಿದ್ದರೆ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ಆದರೆ ಚಿಮಾಬುಯೆಯ ಕೈ ಯಾವುದು, ನಮ್ಮ ಕಾಲದ ಕೈ ಯಾವುದು ಎಂಬುದು ಮುಂದೆ ತಿಳಿಯುತ್ತಿರಲಿಲ್ಲ. ಜೀರ್ಣೋದ್ಧಾರವೆಂದರೆ ಹಳೆಯದನ್ನು ಥಳಥಳ ಹೊಸದಾಗಿಸುವುದೆಂದು ತಿಳಿದವರು ಅಸಿಸಿಯ ಆ ಖಾಲಿ ಜಾಗಗಳನ್ನೊಮ್ಮೆ ನೋಡಬೇಕು.